ಜೋಳದ ತೆನೆಗೆ ಜೇನಿಳಿಸುವವರು

ಜೋಳದ ಹೂವಿನಲ್ಲಿ ಮಕರಂದ ಇರುವುದಿಲ್ಲ. ಮೂಗಿಗೆ ಹಿಡಿದರೆ ಘಮ್ಮೆನ್ನುವುದೂ ಇಲ್ಲ. ಹುಲ್ಲಿನ ಜಾತಿಯ ಬೆಳೆ ಅದು. ಸುಂಕು ಬಿಟ್ಟಾಗ ತನ್ನದೇ ಪರಾಗದಿಂದಲೋ, ಗಾಳಿ ಹೊತ್ತು ತಂದ ಪರಾಗದಿಂದಲೋ ಕಾಳು ಕಟ್ಟಿಕೊಳ್ಳುತ್ತದೆ. ಬೆಳಗಿನ ಹೊತ್ತು ಜೇನ್ನೊಣಗಳು ಬಂದು ಹಳದಿ ಹುಡಿಯನ್ನು ಕಾಲಿಗೆ ಮೆತ್ತಿಕೊಂಡು ಹೋಗುತ್ತವೆ, ಅಷ್ಟೇ. ಕುಡಿಯಲು ಅಲ್ಲಿ ಸಿಹಿ ಏನೂ ಸಿಗದು.

ಆದರೂ ಕೆಲವು ವರ್ಷ, ಮೋಡ ಮುಸುಕಿ ಮಂಜು ಬಿದ್ದ ದಿನಗಳಾದ ಮೇಲೆ, ರಾಯಚೂರು ಜಿಲ್ಲೆಯ ನಮ್ಮ ಕಲ್ಮಲದ ಎರೆ ಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ತೆನೆಗೆ ನೊಣ, ಇರುವೆ, ಕಣಜ ಮುತ್ತಿಕೊಳ್ಳುತ್ತವೆ. ಪಕ್ಕದ ತೆನೆಯ ಮೇಲೆ ಒಂದೂ ಇರುವುದಿಲ್ಲ. ಎಳ್ಳಮಾಸ್ಯೆಗೆ ಚರಗ ಚೆಲ್ಲಲು ಹೋದಾಗ ನಮ್ಮ ಪಕ್ಕದ ಹೊಲದ ದೊಡ್ಡಪ್ಪ ಅಂಥದೊಂದು ತೆನೆ ಬಾಗಿಸಿ, “ಟೀಚರ್, ಜ್ವಾಳಕ್ಕ ಜೇನ್ ಇಳದದ ನೋಡ್ರಿ” ಅಂದಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನನ್ನನ್ನು ಊರಿನವರು ಇಂದಿಗೂ ಟೀಚರ್ ಅಂತಲೇ ಕರೆಯುತ್ತಾರೆ.

ತೆನೆಯನ್ನು ಕಣ್ಣಿನ ಹತ್ತಿರ ತಂದು ನೋಡಿದರೆ ಎಲ್ಲವೂ ಕಾಣುತ್ತದೆ. ಕಾಳು ಇರಬೇಕಾದ ಜಾಗದಲ್ಲಿ, ಎರಡು ಸಿಪ್ಪೆಗಳ ನಡುವಿನಿಂದ, ಮೆತ್ತನೆಯ ಬೆಳ್ಳಗಿನ ಒಂದು ಗಂಟು ಇಣುಕುತ್ತಿರುತ್ತದೆ. ಅದರ ತುದಿಯಲ್ಲಿ ಒಂದು ಹನಿ. ಮೊದಮೊದಲು ನೀರಿನಷ್ಟು ತಿಳಿಯಾಗಿದ್ದು, ದಿನ ಕಳೆದ ಹಾಗೆ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಬೆರಳಿಗೆ ತಾಗಿದರೆ ಬಿಡದ ಅಂಟು. ಹೆಚ್ಚಾದಾಗ ಕೆಳಗಿನ ಎಲೆಗೂ, ಅಲ್ಲಿಂದ ನೆಲಕ್ಕೂ ತೊಟ್ಟಿಕ್ಕುತ್ತದೆ. ರಾತ್ರಿ ತೇವ ಇದ್ದರೆ ಬೆಳಗಾಗುವಷ್ಟರಲ್ಲಿ ಆ ಹನಿಯ ಮೇಲೆ ಸುಣ್ಣ ಉದುರಿಸಿದಂಥ ಬಿಳಿ ಪುಡಿ ಕೂತಿರುತ್ತದೆ. ಆ ಪುಡಿಯೆಲ್ಲ ಬೀಜಾಣುಗಳು. ಗಾಳಿ ಬೀಸಿದರೆ ಸಾಕು, ಮುಂದಿನ ಹೊಲಕ್ಕೆ ಹೊರಡಲು ಸಿದ್ಧವಾಗಿ ಕೂತಿರುವಂಥವು.

ಇದು ಎರ್ಗಾಟ್ ರೋಗ. ಮಾಡುವುದು ಕ್ಲಾವಿಸೆಪ್ಸ್ ಎಂಬ ಶಿಲೀಂಧ್ರ. ಭಾರತದ ಜೋಳದ ಮೇಲೆ ಕಂಡ ಈ ಶಿಲೀಂಧ್ರದ ಜೇನು ಸುರಿಸುವ ಹಂತವನ್ನು 1917ರಲ್ಲಿ ಮ್ಯಾಕ್‌ರೇ ಎಂಬ ವಿಜ್ಞಾನಿ ಮೊದಲು ವಿವರಿಸಿದರು. ಅದರ ಪೂರ್ಣ ರೂಪವನ್ನು ಕಂಡು ಕ್ಲಾವಿಸೆಪ್ಸ್ ಸೋರ್ಗಿ ಎಂದು ಹೆಸರಿಟ್ಟವರು ನಮ್ಮವರೇ. ಕುಲಕರ್ಣಿ, ಶೇಷಾದ್ರಿ ಮತ್ತು ಹೆಗಡೆ ಎಂಬ ಮೂವರು 1976ರಲ್ಲಿ ಮೈಸೂರು ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಜಗತ್ತಿನ ಯಾವ ಮೂಲೆಯ ಸಸ್ಯರೋಗ ಗ್ರಂಥ ತೆಗೆದರೂ ಆ ಶಿಲೀಂಧ್ರದ ಹೆಸರಿನ ಮುಂದೆ ಈ ಮೂವರ ಹೆಸರು ಅಚ್ಚಾಗಿರುತ್ತದೆ. ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಆ ಶಿಲೀಂಧ್ರದ ಕೆಲಸದ ರೀತಿಯೇ ಈ ಬರಹಕ್ಕೆ ಕಾರಣ. ಹೂವಿನ ಶಲಾಕೆಯ ಮೇಲೆ ಪರಾಗ ಬಿದ್ದರೆ ಅದರಿಂದ ಒಂದು ನಾಳ ಹೊರಟು ಒಳಗಿನ ಅಂಡಾಶಯಕ್ಕೆ ಇಳಿಯುತ್ತದೆ, ಕಾಳು ಕಟ್ಟುತ್ತದೆ. ಎರ್ಗಾಟಿನ ಬೀಜಾಣು ಅದೇ ಶಲಾಕೆಯ ಮೇಲೆ ಬೀಳುತ್ತದೆ, ಅದೇ ದಾರಿಯಲ್ಲಿ ಎಳೆ ಬಿಟ್ಟು ಒಳಗಿಳಿಯುತ್ತದೆ, ಅಂಡಾಶಯವನ್ನೇ ತಿಂದು ಆ ಜಾಗದಲ್ಲಿ ತಾನು ಕೂರುತ್ತದೆ. ಕಾಳಿಗೆಂದು ಗಿಡ ಕಳಿಸುವ ಸಕ್ಕರೆ ಈಗ ಶಿಲೀಂಧ್ರಕ್ಕೆ ಸೇರುತ್ತದೆ. ವಾರ, ಹತ್ತು ದಿನಗಳಲ್ಲಿ ಆ ಸಕ್ಕರೆಯನ್ನು ಲಕ್ಷಗಟ್ಟಲೆ ಬೀಜಾಣುಗಳ ಜೊತೆ ಕಲಸಿ ಹನಿಯಾಗಿ ಹೊರಗೆ ಬಿಡುತ್ತದೆ. ಮಕರಂದವೇ ಇಲ್ಲದ ಹೂವಿನಲ್ಲಿ ಮಕರಂದ ಹುಟ್ಟುತ್ತದೆ. ಹುಳ ಬಂದು ಕೂರುತ್ತದೆ, ಕುಡಿಯುತ್ತದೆ, ಕಾಲಿಗೂ ಬಾಯಿಗೂ ಬೀಜಾಣು ಅಂಟಿಸಿಕೊಂಡು ಹಾರುತ್ತದೆ. ಈ ರೋಗ ಅಮೆರಿಕಕ್ಕೆ ಕಾಲಿಟ್ಟಿದ್ದು 1997ರಲ್ಲಿ. ಟೆಕ್ಸಾಸಿನ ವಿಜ್ಞಾನಿಗಳು ಆಮೇಲೆ ಪರೀಕ್ಷಿಸಿ ನೋಡಿದಾಗ, ನಮ್ಮ ಹತ್ತಿ ತೊಗರಿಯ ಕಾಯಿಕೊರಕದ ಹತ್ತಿರದ ಸಂಬಂಧಿಯಾದ ಒಂದು ಪತಂಗ ಈ ಜೇನು ಹೀರಿ ಬೀಜಾಣು ಹೊತ್ತು ತಿರುಗುವುದು ಕಂಡುಬಂತು.

ಮುಖ್ಯವಾದ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಪರಾಗ ಮೊದಲು ತಲುಪಿ ಗರ್ಭಕಟ್ಟಿದ ಹೂವಿಗೆ ಎರ್ಗಾಟ್ ಹತ್ತುವುದಿಲ್ಲ. ಪರಾಗಕ್ಕೂ ಶಿಲೀಂಧ್ರಕ್ಕೂ ಇರುವುದು ಯಾರು ಮೊದಲು ಎಂಬ ಪೈಪೋಟಿ. ನಮ್ಮ ಮಾಲದಂಡಿಯಂಥ ಜೋಳಗಳಲ್ಲಿ ಪರಾಗ ಧಾರಾಳ, ಹಾಗಾಗಿ ರೋಗ ಅಲ್ಲೊಂದು ಇಲ್ಲೊಂದು ತೆನೆಗೆ ನಿಲ್ಲುತ್ತದೆ. ಹೈಬ್ರಿಡ್ ಬೀಜೋತ್ಪಾದನೆಯ ತಾಕುಗಳಲ್ಲಿ ಹೆಣ್ಣು ಸಾಲಿನ ಗಿಡಗಳಿಗೆ ಸ್ವಂತ ಪರಾಗವೇ ಇರುವುದಿಲ್ಲ. ಪಕ್ಕದ ಗಂಡು ಸಾಲು ಎರಡು ದಿನ ತಡವಾಗಿ ಸುಂಕು ಬಿಟ್ಟರೂ ಹೂಗಳು ಬಾಯಿ ತೆರೆದು ಕಾದು ನಿಲ್ಲುತ್ತವೆ. ಶಿಲೀಂಧ್ರ ಒಳಗೆ ಹೊಕ್ಕುಬಿಡುತ್ತದೆ. 1964ರಲ್ಲಿ ಸಿಎಸ್‌ಎಚ್-1 ಎಂಬ ದೇಶದ ಮೊದಲ ಹೈಬ್ರಿಡ್ ಜೋಳ ಬಂದ ಮೇಲೆ ಈ ರೋಗದ ಮಾತು ಹೆಚ್ಚಾದದ್ದು ಸುಮ್ಮನೆ ಅಲ್ಲ. ಬಿತ್ತನೆಯ ದಿನವನ್ನು ಹೊಂದಿಸಿ ಎರಡೂ ಸಾಲು ಒಟ್ಟಿಗೆ ಹೂ ಬಿಡುವಂತೆ ಮಾಡುವುದೇ ಇದಕ್ಕೆ ಮೊದಲ ಮದ್ದು.

ಸಜ್ಜೆಗೆ ಬರುವ ಎರ್ಗಾಟ್ ಬೇರೆ ಜಾತಿಯದು, ಮನುಷ್ಯರಿಗೆ ಹೆಚ್ಚು ಅಪಾಯದ್ದು. ಜೇನು ಒಣಗಿದ ಮೇಲೆ ಅಲ್ಲಿ ಕಪ್ಪು ಗಂಟು ಉಳಿಯುತ್ತದೆ. ಅದು ಹಿಟ್ಟಿನಲ್ಲಿ ಸೇರಿದರೆ ವಾಂತಿ, ತಲೆಸುತ್ತು, ಮಂಪರು. ಉಪ್ಪು ನೀರಿನಲ್ಲಿ ಸಜ್ಜೆ ಸುರಿದು, ಮೇಲೆ ತೇಲಿದ್ದನ್ನು ತೆಗೆದು ಹಾಕಿ, ಉಳಿದದ್ದನ್ನು ಸಿಹಿ ನೀರಿನಲ್ಲಿ ತೊಳೆದು ಒಣಗಿಸುವ ಪದ್ಧತಿ ಈಗಲೂ ಸರಿಯಾದದ್ದೇ. ಕಪ್ಪು ಗಂಟು ಹಗುರ, ತೇಲುತ್ತದೆ. ಗಟ್ಟಿ ಕಾಳು ಮುಳುಗುತ್ತದೆ.

ಹೂವಿನೊಳಗೆ ಕೂತು ಹುಳವನ್ನು ಕರೆಯುವ ಜೀವಿ ಎರ್ಗಾಟ್ ಒಂದೇ ಅಲ್ಲ. ಅದು ನಮ್ಮ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಕೆಲಸ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಕಾಣದಂತೆ ಇದೇ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಮಕರಂದವಿರುವ ಎಷ್ಟೋ ಹೂಗಳಲ್ಲಿ ಇವೆ. ಹೂವಿನ ವಾಸನೆ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದರಲ್ಲಿ ಗಿಡದ ಪಾಲೆಷ್ಟು, ಈ ಒಳಬಾಡಿಗೆಯವರ ಪಾಲೆಷ್ಟು ಎಂಬುದು ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ವಿಜ್ಞಾನಿಗಳನ್ನು ಹಿಡಿದು ಕೂರಿಸಿದ ಪ್ರಶ್ನೆ.

ಆಗಷ್ಟೇ ಅರಳಿದ ಹೂವಿನ ಮಕರಂದದಲ್ಲಿ ಸೂಕ್ಷ್ಮಜೀವಿಗಳು ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಜೇನ್ನೊಣ ನಾಲಿಗೆ ಇಳಿಸಿತು ಎಂದರೆ ಹಿಂದಿನ ಹೂವಿನ ಯೀಸ್ಟು, ಬ್ಯಾಕ್ಟೀರಿಯ ಇಲ್ಲಿಗೆ ಬಂದವು. ಮಕರಂದವೆಂದರೆ ಗಟ್ಟಿ ಸಕ್ಕರೆ ಪಾಕ. ಎಲ್ಲ ಜೀವಿಯೂ ಅದರಲ್ಲಿ ಬದುಕಲಾರದು. ಬದುಕುವವುಗಳಲ್ಲಿ ಮುಖ್ಯವಾದದ್ದು ಮೆಶ್ನಿಕೋವಿಯ ಎಂಬ ಯೀಸ್ಟ್ ಕುಲ. ಒಂದೆರಡು ದಿನಗಳಲ್ಲಿ ಒಂದು ಘನ ಮಿಲಿಮೀಟರ್ ಮಕರಂದದಲ್ಲಿ, ಅಂದರೆ ಸೂಜಿಯ ತಲೆಯಷ್ಟು ಹನಿಯಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಕೋಶಗಳಾಗಿ ಬೆಳೆಯಬಲ್ಲದು. ಸ್ಪೇನಿನ ಕಾರ್ಲೋಸ್ ಹೆರೆರಾ ಮತ್ತು ಜೊತೆಗಾರರು ಕಾಡುಹೂಗಳಲ್ಲಿ ಇದನ್ನು ಎಣಿಸಿ ತೋರಿಸಿದರು. ಚಳಿಗಾಲದಲ್ಲಿ ಅರಳುವ ಅಲ್ಲಿನ ಒಂದು ಹೂವಿನಲ್ಲಿ ಯೀಸ್ಟು ಸಕ್ಕರೆ ಉರಿಸುವ ಕಾವಿಗೆ ಮಕರಂದವೇ ಕೆಲವು ಡಿಗ್ರಿ ಬೆಚ್ಚಗಾಗುವುದನ್ನೂ 2010ರಲ್ಲಿ ಪ್ರಕಟಿಸಿದರು. ಬೆಚ್ಚಗಾದ ಮಕರಂದದಿಂದ ವಾಸನೆ ಬೇಗ ಆವಿಯಾಗಿ ಹೊರಡುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಯೀಸ್ಟು ಸಕ್ಕರೆ ತಿಂದು ಏನು ಬಿಡುತ್ತದೆ ಎಂದು ರಾಯಚೂರು ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಸೇಂದಿ ಬಂದ್ ಆಗಿ ವರ್ಷಗಳೇ ಆದರೂ ಹಿರಿಯರಿಗೆ ಆ ವಾಸನೆ ನೆನಪಿದೆ. ಈಚಲ ಮರದಿಂದ ಇಳಿಸಿದ ತಾಜಾ ರಸಕ್ಕೆ ನವಿರಾದ ಸಿಹಿ ವಾಸನೆ. ಬಿಸಿಲೇರುವಷ್ಟರಲ್ಲಿ ಅದಕ್ಕೆ ಹುಳಿ, ಹಣ್ಣಿನ ಘಾಟು ಸೇರುತ್ತದೆ, ಗಡಿಗೆಯ ಬಾಯಿಗೆ ನೊಣವೂ ಜೇನೂ ಕವಿಯುತ್ತವೆ. ರಸ ಮರದ್ದು, ಆ ಎರಡನೆಯ ವಾಸನೆ ಯೀಸ್ಟು ಮತ್ತು ಬ್ಯಾಕ್ಟೀರಿಯಗಳದ್ದು. ಹೂವಿನೊಳಗೆ ನಡೆಯುವುದೂ ಇದೇ ಹುಳಿಯುವಿಕೆ, ತೀರಾ ಸಣ್ಣ ಪ್ರಮಾಣದಲ್ಲಿ. ಮದ್ಯಸಾರ ಬರುತ್ತದೆ, ಅದರಿಂದ ಎಸ್ಟರ್ ಎಂಬ ಹಣ್ಣಿನ ವಾಸನೆಯ ಪದಾರ್ಥಗಳು ಬರುತ್ತವೆ. ಮಲೇಷ್ಯಾದ ಕಾಡಿನ ಒಂದು ತಾಳೆ ಜಾತಿಯ ಹೂಗೊಂಚಲಿನಲ್ಲಿ ಹುಳಿತ ಮಕರಂದದ ಮದ್ಯಸಾರ ಶೇಕಡ 3.8ರವರೆಗೆ ಏರುವುದನ್ನು, ಅದನ್ನು ಅಳಿಲಿನಂಥ ಪ್ರಾಣಿಗಳು ರಾತ್ರಿ ಹೊತ್ತು ಕುಡಿಯುವುದನ್ನು 2008ರಲ್ಲಿ ವರದಿ ಮಾಡಿದರು.

ಬಾಳೆಹಣ್ಣಿನ ವಾಸನೆ ಕೊಡುವ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರನ್ನು ಯೀಸ್ಟೂ ಮಾಡುತ್ತದೆ. ಬೆಲ್ಜಿಯಂನ ಲುವೆನ್ ನಗರದಲ್ಲಿ ಕೆವಿನ್ ವೆರ್‌ಸ್ಟ್ರೆಪೆನ್ ಅವರ ತಂಡ ಈ ಎಸ್ಟರ್‌ಗಳನ್ನು ತಯಾರಿಸುವ ಒಂದು ಜೀನನ್ನು ಯೀಸ್ಟಿನಿಂದ ತೆಗೆದುಹಾಕಿ ನೋಡಿತು. ಯೀಸ್ಟು ಚೆನ್ನಾಗಿಯೇ ಬೆಳೆಯಿತು, ಆದರೆ ಹಣ್ಣುನೊಣಗಳು ಅದರ ಕಡೆ ಬರುವುದು ಬಹಳ ಕಡಿಮೆಯಾಯಿತು. 2014ರಲ್ಲಿ ಪ್ರಕಟವಾದ ಈ ಕೆಲಸದ ತಾತ್ಪರ್ಯ ಇಷ್ಟು: ಯೀಸ್ಟಿಗೆ ರೆಕ್ಕೆ ಇಲ್ಲ, ಕಾಲಿಲ್ಲ. ವಾಸನೆ ಬಿಟ್ಟು ಹುಳವನ್ನು ಕರೆದರೆ ಅದರ ಮೈಮೇಲೆ ಕೂತು ಇನ್ನೊಂದು ಕಡೆ ಹೋಗಬಹುದು. ಎರ್ಗಾಟ್ ಸಕ್ಕರೆ ಕೊಟ್ಟು ಮಾಡಿಸಿಕೊಳ್ಳುವ ಕೆಲಸವನ್ನು ಯೀಸ್ಟು ವಾಸನೆ ಕೊಟ್ಟು ಮಾಡಿಸಿಕೊಳ್ಳುತ್ತದೆ. ವಿಚಿತ್ರವೆಂದರೆ ಇದೇ ಐಸೊಅಮೈಲ್ ಅಸಿಟೇಟ್ ಜೇನ್ನೊಣ ಕುಟುಕಿದಾಗ ಕೊಂಡಿಯಿಂದ ಹೊರಡುವ ಅಪಾಯದ ಸಂಕೇತವೂ ಹೌದು. ಒಂದು ಹೆಜ್ಜೇನು ಕುಟುಕಿದ ಜಾಗಕ್ಕೆ ಹತ್ತು ಬಂದು ಮುತ್ತುವುದು ಇಂಥ ವಾಸನೆಯ ಕರೆಗೆ. ಒಂದೇ ಪದಾರ್ಥ, ಒಂದು ಹುಳಕ್ಕೆ ಊಟದ ಸುದ್ದಿ, ಇನ್ನೊಂದಕ್ಕೆ ಕಾದಾಟದ ಸುದ್ದಿ.

ಜೇನ್ನೊಣಗಳಿಗೆ ಎಲ್ಲ ಒಳಬಾಡಿಗೆಯವರೂ ಇಷ್ಟವಲ್ಲ. ಕ್ಯಾಲಿಫೋರ್ನಿಯದ ರೇಚಲ್ ವ್ಯಾನೆಟ್, ಸ್ಟ್ಯಾನ್‌ಫರ್ಡಿನ ತದಾಶಿ ಫುಕಾಮಿ ಮತ್ತು ಅವರ ಜೊತೆಗಾರರು ಇದನ್ನು ಒಂದರ ಮೇಲೊಂದು ಪ್ರಯೋಗ ಮಾಡಿ ಬಿಡಿಸಿದ್ದಾರೆ. 2013ರಲ್ಲಿ ಒಂದು ಕುರುಚಲು ಗಿಡದ ಹೂಗಳಿಗೆ ಬ್ಯಾಕ್ಟೀರಿಯವನ್ನೂ ಯೀಸ್ಟನ್ನೂ ಬೇರೆ ಬೇರೆಯಾಗಿ ಹಾಕಿ ನೋಡಿದರು. ಬ್ಯಾಕ್ಟೀರಿಯ ಇದ್ದ ಹೂವಿನ ಮಕರಂದವನ್ನು ಝೇಂಕಾರದ ಹಕ್ಕಿಗಳು ಅರ್ಧಕ್ಕೇ ಬಿಟ್ಟವು, ಬೀಜವೂ ಕಡಿಮೆ ಕಟ್ಟಿತು. ಯೀಸ್ಟು ಇದ್ದ ಹೂವಿಗೆ ಅಂಥ ನಷ್ಟ ಆಗಲಿಲ್ಲ. ಮರುವರ್ಷ ಸಾಕಿದ ಜೇನ್ನೊಣಗಳ ಮುಂದೆ ಸಿಹಿನೀರಿಟ್ಟಾಗಲೂ ಅವು ಮೂರು ಬಗೆಯ ಬ್ಯಾಕ್ಟೀರಿಯ ಬೆಳೆದ ನೀರಿನಿಂದ ದೂರ ಸರಿದವು, ಯೀಸ್ಟು ಬೆಳೆದದ್ದರಿಂದ ಸರಿಯಲಿಲ್ಲ. 2018ರಲ್ಲಿ ನಾಲ್ಕು ಸೂಕ್ಷ್ಮಜೀವಿಗಳ ವಾಸನೆಯನ್ನು ಬೇರೆ ಬೇರೆಯಾಗಿ ಅಳೆದು ನೋಡಿದಾಗ, ಜೇನ್ನೊಣಗಳನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದದ್ದು ಮೆಶ್ನಿಕೋವಿಯ. ಮಕರಂದದಲ್ಲೇ ಬದುಕಿ, ಜೇನ್ನೊಣದ ಮೇಲೆಯೇ ಪ್ರಯಾಣ ಮಾಡುವ ಯೀಸ್ಟಿಗೆ ಜೇನ್ನೊಣ ಒಲಿಯುವುದು ನನಗೆ ಸಹಜವಾಗಿಯೇ ಕಾಣುತ್ತದೆ.

ಮಕರಂದದ ಒಳಗೆ ಮಾತ್ರವಲ್ಲ, ಹೂವಿನ ಮೈಮೇಲೂ ಇವು ಇವೆ. ಸ್ಪೇನಿನ ಪೆನ್ಯುಯೆಲಾಸ್ ಮತ್ತು ತಂಡ ಎಲ್ಡರ್ ಎಂಬ ಗಿಡದ ಹೂಗಳಿಗೆ ಮೂರು ಬಗೆಯ ಆ್ಯಂಟಿಬಯಾಟಿಕ್ ಹಾಯಿಸಿ ಬ್ಯಾಕ್ಟೀರಿಯಗಳನ್ನು ಕಳೆಯಿತು. ಹೂ ಬಾಡಲಿಲ್ಲ, ಉಸಿರಾಟ ಬದಲಾಗಲಿಲ್ಲ, ಹೂವಿನ ಒಳಗಿದ್ದ ಸುಗಂಧ ಪದಾರ್ಥವೂ ಕಡಿಮೆಯಾಗಲಿಲ್ಲ. ಆದರೆ ಹೂವಿನಿಂದ ಗಾಳಿಗೆ ಸೇರುತ್ತಿದ್ದ ಟರ್ಪೀನ್ ಎಂಬ ಸುಗಂಧಗಳು ಸುಮಾರು ಮೂರರಲ್ಲಿ ಎರಡು ಪಾಲು ಇಳಿದವು. 2014ರ ಈ ಫಲಿತಾಂಶ ಓದಿದ ದಿನ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆ. ಹೂವಿನ ಘಮ ಹೂವಿನದು ಎಂದು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ್ದ ಪಾಠದ ಒಳಗೆ ಇನ್ನೊಂದು ಪಾಠ ಇತ್ತು.

ಪರಾಗವನ್ನೂ ಇವು ಬಿಡುವುದಿಲ್ಲ. ಮಕರಂದದಲ್ಲಿರುವ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಅಲ್ಲಿ ಬಿದ್ದ ಪರಾಗವನ್ನು ಮೊಳೆಯುವಂತೆ, ಒಡೆಯುವಂತೆ ಮಾಡಿ ಒಳಗಿನ ಸಾರ ತಿನ್ನುತ್ತದೆ. ಶಲಾಕೆಯ ಮೇಲೆ ನಡೆಯಬೇಕಾದದ್ದನ್ನು ಮಕರಂದದ ಹನಿಯಲ್ಲೇ ನಡೆಸಿಬಿಡುತ್ತದೆ. ವ್ಯಾನೆಟ್ ಅವರ ಪ್ರಯೋಗಾಲಯ ಇದನ್ನು ಪ್ರಕಟಿಸಿದ್ದು 2021ರಲ್ಲಿ.

ಸೂಕ್ಷ್ಮಜೀವಿಯ ವಾಸನೆ ಹಿಡಿದು ಹುಳ ನಡೆದುಕೊಳ್ಳುವ ಪರಿಯನ್ನು ನಮ್ಮ ರಾಜ್ಯದಲ್ಲೂ ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಅದು ಹೂವಿನಲ್ಲಿ ಅಲ್ಲ, ಹುತ್ತದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಅವರ ತಂಡ ಹುತ್ತ ಕಟ್ಟುವ ಗೆದ್ದಲುಗಳ ಮೇಲೆ ಕೆಲಸ ಮಾಡಿತು. ಈ ಗೆದ್ದಲು ಹುತ್ತದೊಳಗೆ ಒಂದು ಶಿಲೀಂಧ್ರವನ್ನು ಬೆಳೆ ಬೆಳೆದಂತೆ ಬೆಳೆದು ತಿನ್ನುತ್ತದೆ. ಮಳೆ ಬಿದ್ದ ಮೇಲೆ ಹುತ್ತದ ಬುಡದಲ್ಲಿ ಏಳುವ ಅಣಬೆ ಆ ಬೆಳೆಯದೇ ಹೂವು. ಆ ತೋಟದಲ್ಲಿ ಕಳೆಯಂತೆ ಇನ್ನೊಂದು ಶಿಲೀಂಧ್ರವೂ ಹುಟ್ಟುತ್ತದೆ. ಹುತ್ತದೊಳಗೆ ಬೆಳಕಿಲ್ಲ, ಕೆಲಸ ಮಾಡುವ ಗೆದ್ದಲಿಗೆ ಕಣ್ಣಿಲ್ಲ. ಎರಡು ಶಿಲೀಂಧ್ರಗಳ ವಾಸನೆ ಬೇರೆ ಬೇರೆ. ಕಳೆಯ ವಾಸನೆ ಬಂದ ಕಡೆ ಗೆದ್ದಲುಗಳು ಮಣ್ಣು ತಂದು ಸುರಿದು ಅದನ್ನು ಹೂತುಹಾಕುತ್ತವೆ ಎಂದು 2017ರಲ್ಲಿ ಅವರು ತೋರಿಸಿದರು. ನಮ್ಮ ಹೊಲದ ಬದುವಿನ ಹುತ್ತಗಳೊಳಗೆ ಕೂಡ ಕಳೆ ತೆಗೆಯುವ ಕೆಲಸ ನಡೆದಿದೆ ಎಂದು ಹೇಳಿದಾಗ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ.

ಇದೆಲ್ಲ ಕೃಷಿಕರಿಗೆ ಯಾಕೆ ಬೇಕು ಎಂದು ನಮ್ಮೂರಲ್ಲೇ ನನ್ನನ್ನು ಕೇಳಿದವರಿದ್ದಾರೆ. ಸೂರ್ಯಕಾಂತಿಯನ್ನೇ ತೆಗೆದುಕೊಳ್ಳೋಣ. ಒಂದು ಕಾಲಕ್ಕೆ ಮಾನ್ವಿ, ದೇವದುರ್ಗದ ಒಣಹೊಲಗಳಲ್ಲಿ ಹಳದಿ ಹಾಸಿದಂತೆ ಇರುತ್ತಿತ್ತು. ಈಗ ಹತ್ತಿ, ತೊಗರಿ ಆ ಜಾಗ ಹಿಡಿದಿವೆ. ಒಂದು ಸೂರ್ಯಕಾಂತಿಯ ತಲೆ ಎಂದರೆ ನೂರಾರು ಪುಟ್ಟ ಹೂಗಳ ಸಂತೆ. ಅಂಚಿನಿಂದ ನಡುವಿಗೆ, ದಿನಕ್ಕೊಂದಿಷ್ಟು ಸುತ್ತು ಅರಳುತ್ತ ವಾರ ಹತ್ತು ದಿನ ಹಿಡಿಯುತ್ತದೆ. ಹೆಜ್ಜೇನು, ಕೋಲುಜೇನು, ತುಡುವೆ ಬರದೆ ಹೋದರೆ ನಡುವಿನ ಕಾಳು ಜೊಳ್ಳಾಗುತ್ತದೆ. ಜೇನಿಗೆ ವಿಷವಾಗುವ ಕೀಟನಾಶಕವನ್ನು ಹೂವಾಡುವಾಗ ಹೊಡೆಯಬಾರದು ಎಂಬ ಮಾತು ರೈತರಿಗೆ ತಲುಪಿದೆ. ಶಿಲೀಂಧ್ರನಾಶಕದ ಬಗ್ಗೆ ಆ ಎಚ್ಚರ ಇಲ್ಲ. ಅದರಿಂದ ಜೇನ್ನೊಣ ಸಾಯುವುದಿಲ್ಲವಲ್ಲ ಎಂದು ಟಾನಿಕ್, ಶಿಲೀಂಧ್ರನಾಶಕ ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಕಲಸಿ ಹೊಡೆಯುವುದನ್ನು ನಾನು ಸೀಸನ್ನಿಗೆ ಸೀಸನ್ ನೋಡುತ್ತೇನೆ.

ಮಕರಂದದ ಯೀಸ್ಟೂ ಶಿಲೀಂಧ್ರ ಕುಲದ್ದೇ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೆಶ್ನಿಕೋವಿಯ ಯೀಸ್ಟುಗಳು ಅಜೋಲ್ ಗುಂಪಿನ ಔಷಧಗಳಿಗೆ ಬಹಳ ಬೇಗ ಸೋಲುವುದು ಕಂಡಿತು. ಮರುವರ್ಷ ಕ್ಯಾಲಿಫೋರ್ನಿಯದ ಬಾದಾಮಿ ತೋಟಗಳ ಅಧ್ಯಯನ ಹೊರಬಂತು: ಹೂವಾಡುವಾಗ ಶಿಲೀಂಧ್ರನಾಶಕ ಹೊಡೆದರೆ ಮಕರಂದದೊಳಗಿನ ಶಿಲೀಂಧ್ರಗಳ ಬಗೆಗಳು ಕಡಿಮೆಯಾಗುತ್ತವೆ. ನಮ್ಮ ಮೆಣಸಿನಕಾಯಿ, ಭತ್ತದ ಹೊಲಗಳಿಗೆ ಬರುವ ಡಬ್ಬಿಗಳ ಮೇಲೆ ಹೆಸರಿನ ಕೊನೆಗೆ ‘ಕೊನಜೋಲ್’ ಎಂದಿದ್ದರೆ ಅದು ಅದೇ ಗುಂಪು: ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್, ಟೆಬುಕೊನಜೋಲ್. ರೋಗ ಬಂದರೆ ಇವು ಬೇಕು, ಇದರಲ್ಲಿ ನನಗೆ ತಕರಾರಿಲ್ಲ. ಜೋಳದ ಬೀಜದ ತಾಕಿಗೆ ಎರ್ಗಾಟ್ ಬಿದ್ದಾಗ ಪ್ರೊಪಿಕೊನಜೋಲ್ ಹೊಡೆಯಲೇಬೇಕಾಗುತ್ತದೆ, ಜೇನ್ನೊಣ ಮಕರಂದಕ್ಕೆಂದು ಬಾರದ ಬೆಳೆ ಅದು. ಸೂರ್ಯಕಾಂತಿ ತುಂಬಿ ಅರಳಿ ನಿಂತಾಗ ರೋಗದ ಚುಕ್ಕೆಯೂ ಕಾಣದ ಎಲೆಗೆ, ಇರಲಿ ಅಂತ ಹೊಡೆಯುವುದು ಬೇರೆ ಮಾತು. ಅದನ್ನು ನಿಲ್ಲಿಸಿದರೆ ರೈತರ ಕೈಯ ದುಡ್ಡೂ ಉಳಿಯುತ್ತದೆ.

ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, ಸುತ್ತ ಇಷ್ಟೊಂದು ಹೊಲಗಳಿವೆ. ನಮ್ಮ ಹತ್ತಿ, ಸೂರ್ಯಕಾಂತಿ, ಬಳ್ಳಾರಿ ಜಾಲಿಯ ಹೂಗಳಲ್ಲಿ ಯಾರು ಬಾಡಿಗೆಗಿದ್ದಾರೆ ಎಂದು ಇಲ್ಲಿನ ಹುಡುಗ ಹುಡುಗಿಯರೇ ಪಟ್ಟಿ ಮಾಡಬೇಕು ಎಂಬುದು ನನ್ನ ಆಸೆ. ಶುರುಮಾಡಲು ದೊಡ್ಡ ಯಂತ್ರ ಬೇಡ. ಶಾಲೆಯ ಕಾಂಪೌಂಡಿನಲ್ಲಿ ಟೆಕೋಮಾದ ಹಳದಿ ಗಂಟೆಹೂವಿನ ಗಿಡ ಇದ್ದರೆ ಸಾಕು. ಸಂಜೆ, ನಾಳೆ ಅರಳುವಂಥ ಕೆಲವು ಮೊಗ್ಗುಗಳಿಗೆ ತೆಳುವಾದ ಬಟ್ಟೆಯ ಚೀಲ ಕಟ್ಟಬೇಕು, ಕೆಲವನ್ನು ಹಾಗೇ ಬಿಡಬೇಕು. ಎರಡನೆಯ ದಿನ ಮಧ್ಯಾಹ್ನ ಎರಡೂ ಬಗೆಯ ಹೂಗಳ ಬುಡದಿಂದ ಸಣ್ಣ ಗಾಜಿನ ಕೊಳವೆಯಲ್ಲಿ ಮಕರಂದ ಎಳೆದು, ಬೇರೆ ಬೇರೆ ಸ್ಲೈಡಿನ ಮೇಲೆ ಒಂದೊಂದು ಹನಿ ಇಟ್ಟು, ಹೈಸ್ಕೂಲಿನ ಮೈಕ್ರೋಸ್ಕೋಪಿನಲ್ಲಿ ನಾನೂರು ಪಟ್ಟು ದೊಡ್ಡದು ಮಾಡಿ ನೋಡಬೇಕು. ದುಂಡಗೆ ಅಥವಾ ಉದ್ದನೆಯ ಮೊಟ್ಟೆಯಂತೆ ಇದ್ದು, ಬದಿಯಲ್ಲಿ ಪುಟ್ಟ ಮೊಗ್ಗು ಬಿಡುತ್ತಿರುವ ಕೋಶಗಳು ಯೀಸ್ಟು. ಮೆಶ್ನಿಕೋವಿಯದ ಕೆಲವು ಜಾತಿಗಳಲ್ಲಿ ಮೂರ್ನಾಲ್ಕು ಕೋಶ ಅಡ್ಡಡ್ಡ ಕೂಡಿಕೊಂಡು ವಿಮಾನದ ಆಕಾರದಲ್ಲಿ ನಿಲ್ಲುತ್ತವೆ. ಚೀಲ ಕಟ್ಟಿದ ಹೂವಿನ ಸ್ಲೈಡಿನಲ್ಲಿ ಎಷ್ಟಿವೆ, ಜೇನು ಕೂತು ಹೋದ ಹೂವಿನ ಸ್ಲೈಡಿನಲ್ಲಿ ಎಷ್ಟಿವೆ ಎಂದು ಎಣಿಸಿ ಬರೆದಿಡಬೇಕು. ಎಣಿಸುವ ಮೊದಲು ಎರಡೂ ಹೂಗಳನ್ನು ಮಕ್ಕಳ ಮೂಗಿಗೆ ಹಿಡಿಯಿರಿ. ವಾಸನೆಯಲ್ಲಿ ವ್ಯತ್ಯಾಸ ಯಾರಿಗೆ ಸಿಕ್ಕಿತು ಎಂಬುದನ್ನೂ ಅದೇ ಹಾಳೆಯ ಮೇಲೆ ಬರೆಸಿ.